ತಾರಸಿಯ ಮೇಲೊಂದು ವೀಕ್ಷಣಾಲಯ

ಬೆಂಗಳೂರಿನ ಮಾರೇನಹಳ್ಳಿಯಂತಹ ಒತ್ತೊತ್ತಾದ ಬಡಾವಣೆಯಲ್ಲಿ ಹಿತ್ತಲು ಅಪರೂಪವಾದ್ದರಿಂದ, ಆಕಾಶದ ಛಾಯಾಗ್ರಹಣಕ್ಕೆ ತೊಡಗುವ ಹವ್ಯಾಸಿಗೆ ಮನೆಯ ತಾರಸಿಯೇ ವೀಕ್ಷಣಾಲಯವಾಗಬೇಕಾಗುತ್ತದೆ. ದೂರದರ್ಶಕವನ್ನು ಕೊಳ್ಳುವ ಮೊದಲೇ ಅಲ್ಲಿ ನಿಂತು ಉತ್ತರ ದಿಕ್ಕನ್ನು ಪರೀಕ್ಷಿಸುವುದು ಒಳಿತು. ಏಕೆಂದರೆ ಭೂಮಿಯ ಭ್ರಮಣೆಯನ್ನು ಸರಿದೂಗಿಸುತ್ತ ದೂರದರ್ಶಕವನ್ನು ತಾರೆಗಳ ಜೊತೆಗೇ ತಿರುಗಿಸುವ ಆಧಾರಪೀಠ, ಅಂದರೆ ಇಕ್ವಟೋರಿಯಲ್ ಮೌಂಟ್, ತನ್ನ ಅಕ್ಷವನ್ನು ಆಕಾಶದ ಉತ್ತರ ಧ್ರುವದತ್ತ ಚಾಚಿರಬೇಕು, ಮತ್ತು ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿಯಾದುದರಿಂದ ಆ ಬಿಂದುವಿನ ಬಳಿಯ ಧ್ರುವ ನಕ್ಷತ್ರವು ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದ್ದು, ಪಕ್ಕದ ಮನೆಯ ನೀರಿನ ಟ್ಯಾಂಕಿಗೂ ಮರೆಯಾಗಬಲ್ಲದು. ಮರೆಯಾದರೂ ನಿರಾಶೆ ಬೇಡ: ಕ್ಯಾಮೆರಾ ಸೆರೆಹಿಡಿದ ತಾರೆಗಳನ್ನು ತಾರಾಪಟ್ಟಿಯೊಡನೆ ಹೋಲಿಸಿ ದಿಕ್ಕನ್ನು ನಿರ್ಣಯಿಸುವ ‘ಪ್ಲೇಟ್ ಸಾಲ್ವಿಂಗ್’ ವಿಧಾನದಿಂದ, ಆಕಾಶದ ಬೇರೆ ಭಾಗವನ್ನು ನೋಡಿಯೂ ಅಕ್ಷವನ್ನು ಸರಿಪಡಿಸಬಹುದು.

ಬೀದಿದೀಪಗಳ ಬೆಳಕಿನಲ್ಲಿ ಮಂದ ಗೆಲಾಕ್ಸಿಗಳ ಬೆನ್ನುಹತ್ತಿದರೆ ಶ್ರಮ ವ್ಯರ್ಥವಾಗುವುದೇ ಹೆಚ್ಚು. ಚಂದ್ರ, ಗುರು, ಶನಿಗಳಿಗೆ ಆ ಬೆಳಕು ಅಷ್ಟಾಗಿ ಬಾಧಕವಲ್ಲ, ಹೈಡ್ರೋಜನ್ 656.3 ನ್ಯಾನೋಮೀಟರ್ ತರಂಗಾಂತರದಲ್ಲಿ ಸೂಸುವ ಕೆಂಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್ ಇದ್ದರೆ ಮಹಾವ್ಯಾಧ ನೀಹಾರಿಕೆಯೂ ನಗರದಿಂದಲೇ ದಕ್ಕುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟ್ ಸಂಜೆ ಶಾಖ ಬಿಡುತ್ತ ಬಿಂಬವನ್ನು ನಡುಗಿಸುವುದರಿಂದ, ಗ್ರಹಗಳ ಚಿತ್ರಣಕ್ಕೆ ನಡುರಾತ್ರಿಯ ನಂತರದ ಹೊತ್ತೂ, ಮೋಡ ಕಡಿಮೆಯಿರುವ ಜನವರಿ, ಫೆಬ್ರವರಿ ತಿಂಗಳುಗಳೂ ಹೆಚ್ಚು ಅನುಕೂಲ.