ಹವಳದ ದಿಬ್ಬದ ಗಿಳಿಮೀನು

ಉಷ್ಣವಲಯದ ಸಮುದ್ರಗಳಲ್ಲಿ, ಆಳವಿಲ್ಲದ ತಿಳಿನೀರಿನ ಹವಳದ ದಿಬ್ಬಗಳೇ ಗಿಳಿಮೀನಿನ ಮುಖ್ಯ ವಾಸಸ್ಥಾನ. ಲಕ್ಷದ್ವೀಪದ ಸುತ್ತಲೂ ಇದು ಸಾಮಾನ್ಯವಾಗಿ ದೊರೆಯುವುದು. ಹಲ್ಲುಗಳು ಒಂದಕ್ಕೊಂದು ಬೆಸೆದು ಗಿಳಿಯ ಕೊಕ್ಕಿನಂತಾಗಿರುವುದರಿಂದ ಇದಕ್ಕೆ ಈ ಹೆಸರು ಬಂದಿದೆ.

ಹಗಲೆಲ್ಲ ಇದು ಸತ್ತ ಹವಳದ ಮೇಲೆ ಬೆಳೆದ ಪಾಚಿಯನ್ನು ಕೆರೆದು ತಿನ್ನುವುದು. ಪಾಚಿಯೊಡನೆ ಬಂದ ಹವಳದ ಚೂರುಗಳನ್ನು ಗಂಟಲಿನೊಳಗಣ ಹಲ್ಲುಗಳು ಬೀಸುಕಲ್ಲಿನಂತೆ ಅರೆಯುವುವು. ಆ ಪುಡಿಯು ಬಿಳಿಯ ಮರಳಾಗಿ ಹೊರಬೀಳುವುದು. ರಾತ್ರಿಯಲ್ಲಿ ಬಂಡೆಯ ಸಂದುಗಳಲ್ಲಿ ಅಡಗಿ ಮಲಗುವುದು; ಕೆಲವು ಜಾತಿಗಳು ಮೈಸುತ್ತ ಲೋಳೆಯ ಹೊದಿಕೆಯನ್ನು ಕಟ್ಟಿಕೊಳ್ಳುವುವು.

ಹೊಲದಲ್ಲಿ ಕಳೆ ಹೆಚ್ಚಿದರೆ ಪೈರು ಕುಂದುವಂತೆ, ಪಾಚಿ ಹಬ್ಬಿದಲ್ಲಿ ಎಳೆಯ ಹವಳವು ನೆಲೆಯೂರಲಾರದು. ಆದುದರಿಂದ ಈ ಮೀನನ್ನು ಮಿತಿಮೀರಿ ಹಿಡಿದರೆ ದಿಬ್ಬಕ್ಕೇ ಹಾನಿ. ಇದನ್ನರಿತು ಮಧ್ಯ ಅಮೆರಿಕದ ಬೆಲೀಜ್ ದೇಶವು 2009ರಲ್ಲಿ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. ದಿಬ್ಬವು ಉಳಿದರೆ ಮಾತ್ರ ಅದನ್ನಾಶ್ರಯಿಸಿದ ಇತರ ಮೀನುಗಳೂ ಉಳಿಯುವುವು.