ಕ್ಯಾಮೆರಾ ಹಾಕಿಸುವ ಮುಂಚೆ ಡಿಸ್ಕಿನ ಲೆಕ್ಕ ಹಾಕಿ

ಕಟ್ಟಡಕ್ಕೆಲ್ಲ ಕ್ಯಾಮೆರಾ ಹಾಕಿಸುವ ಮನಸ್ಸು ಮಾಡಿದ್ದೀರಿ, ಒಳ್ಳೆಯದೇ. ಆದರೆ ಎಷ್ಟು ಕ್ಯಾಮೆರಾ, ಎಂಥದು ಅಂತ ತೀರ್ಮಾನವಾಗುವ ಮೊದಲೇ ಬೆಂಗಳೂರಿನ ಎಸ್.ಪಿ. ರೋಡಿಗೆ ಓಡಿ ರೆಕಾರ್ಡಿಂಗಿಗೆ ಬೇಕಾದ ಕಂಪ್ಯೂಟರ್ ಹೊತ್ತು ತರಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಈ ಆತುರ ನಿಮಗೆ ಬೇಡ. ಕ್ಯಾಮೆರಾ ಎಷ್ಟು, ಎಷ್ಟು ದಿನದ ರೆಕಾರ್ಡಿಂಗ್ ಉಳಿಯಬೇಕು, ಪರದೆಯ ಮುಂದೆ ಕೂತು ನೋಡುವವರು ಯಾರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಬಹಳ ಜನ ಎಡವುವುದು ಡಿಸ್ಕಿನಲ್ಲಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಚಿತ್ರ ಕಳಿಸುತ್ತಿದ್ದರೆ ದಿನಕ್ಕೆ ಸುಮಾರು 43 ಜಿಬಿ ಆಗುತ್ತದೆ. 16 ಕ್ಯಾಮೆರಾ ಇದ್ದರೆ ದಿನಕ್ಕೆ 690 ಜಿಬಿ, ತಿಂಗಳಿಗೆ ಹತ್ತಿರ ಹತ್ತಿರ 21 ಟಿಬಿ. ನಿಮ್ಮದು ಕಲ್ಯಾಣ ಮಂಟಪವೋ ಆಸ್ಪತ್ರೆಯೋ ಆಗಿದ್ದು ಜನ ಗುಂಪುಗೂಡುವ ಜಾಗವಾದರೆ, ಸಾರ್ವಜನಿಕ ಸುರಕ್ಷತೆಗೆಂದು ಕರ್ನಾಟಕ 2017ರಲ್ಲಿ ತಂದ ಕಾಯ್ದೆ 30 ದಿನದ ದೃಶ್ಯ ಉಳಿಸಿಡಿ ಅನ್ನುತ್ತದೆ. ಅಲ್ಲಿ ಹದಿನೈದು ದಿನದ್ದೇ ಸಾಕು ಅಂತ ಜಿಪುಣತನ ಮಾಡುವ ಹಾಗಿಲ್ಲ. ವಿಡಿಯೊ ಕುಗ್ಗಿಸಲು ಎಚ್.265 ಬಳಸುವ ಕ್ಯಾಮೆರಾ ಕೊಂಡರೆ, ಹಳೆಯ ವಿಧಾನವಾದ ಎಚ್.264ಕ್ಕೆ ಬೇಕಾಗುವ ಜಾಗದಲ್ಲಿ ಸುಮಾರು ಅರ್ಧ ಸಾಕು. ಉಳಿತಾಯ ಮಾಡುವುದಿದ್ದರೆ ಅಲ್ಲಿ ಮಾಡಿ. ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಆಗಲಿ ಅನ್ನುವ ಏರ್ಪಾಡು ಹಿತ್ತಲಿಗೆ, ಸ್ಟೋರ್ ರೂಮಿಗೆ ಸರಿ. ಗೇಟಿಗೂ ಕ್ಯಾಶ್ ಕೌಂಟರಿಗೂ ಇಪ್ಪತ್ತನಾಲ್ಕು ಗಂಟೆಯೂ ಓಡಲಿ.

ಮನೆಯ ಹಳೆಯ ಕಂಪ್ಯೂಟರಿನ ಡಿಸ್ಕು ಬಿಚ್ಚಿ ಇದಕ್ಕೆ ಹಾಕುತ್ತೇನೆ ಅಂತೀರಲ್ಲ, ದಯವಿಟ್ಟು ಬೇಡ. ಹಗಲೂ ರಾತ್ರಿ ಒಂದೇ ಸಮ ಬರೆಯುವ ಕೆಲಸಕ್ಕೆಂದೇ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥ ಡಿಸ್ಕುಗಳಿವೆ. 8 ಟಿಬಿಯ ನಾಲ್ಕನ್ನು ರೇಡ್ 5ರಲ್ಲಿ ಜೋಡಿಸಿದರೆ 24 ಟಿಬಿ ಸಿಗುತ್ತದೆ, ಒಂದು ಕೆಟ್ಟರೂ ದೃಶ್ಯ ಉಳಿಯುತ್ತದೆ. ವಿಂಡೋಸ್ ಬೇರೆ ಎಸ್‌ಎಸ್‌ಡಿಯಲ್ಲಿರಲಿ. ಎರಡನ್ನೂ ಒಂದೇ ಡಿಸ್ಕಿಗೆ ತುರುಕಬೇಡಿ.

ಪ್ರೊಸೆಸರ್ ವಿಷಯದಲ್ಲಿ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಂದ ಚಿತ್ರವನ್ನು ಹಾಗೇ ಡಿಸ್ಕಿಗೆ ಬರೆಯಲು ಅದಕ್ಕೆ ಹೆಚ್ಚು ಶ್ರಮವಿಲ್ಲ. 16 ಕ್ಯಾಮೆರಾದ ಚಿತ್ರವನ್ನೂ ಬಿಡಿಸಿ ಪರದೆಯ ಮೇಲೆ ಒಟ್ಟಿಗೆ ತೋರಿಸುವಾಗ ಬೆವರಿಳಿಯುತ್ತದೆ. ಚಿಕ್ಕ ಚೌಕಗಳಲ್ಲಿ ನೋಡಲು ಕ್ಯಾಮೆರಾ ಕಳಿಸುವ ಚಿಕ್ಕ ಗಾತ್ರದ ಚಿತ್ರ, ಅಂದರೆ ಸಬ್‌ಸ್ಟ್ರೀಮ್ ಬಳಸಿ, ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಇಂಟೆಲ್ ಪ್ರೊಸೆಸರ್ ಕೊಳ್ಳುವುದಾದರೆ ಹೆಸರಿನ ಕೊನೆಗೆ 'ಎಫ್' ಇದೆಯೇ ನೋಡಿ. ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ವಿಡಿಯೊ ಬಿಡಿಸುವ ಸಹಾಯವೂ ಸಿಗುವುದಿಲ್ಲ. ಅಂಗಡಿಯವರು ದುಬಾರಿ ಗೇಮಿಂಗ್ ಕಾರ್ಡ್ ಕೈಗಿಟ್ಟರೆ ನಯವಾಗಿ ಬೇಡ ಅನ್ನಿ. ಮುಖ, ನಂಬರ್ ಪ್ಲೇಟು ಗುರುತಿಸುವ ತಂತ್ರಾಂಶ ಓಡಿಸುವವರ ಮಾತು ಬೇರೆ.

ಇನ್ನು ನೆಟ್‌ವರ್ಕ್ ಕೇಬಲ್ಲಿನಲ್ಲೇ ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಕೊಡುವ ಪಿಒಇ ಸ್ವಿಚ್ಚು. ಪೋರ್ಟು 16 ಇದೆ ಅಂತ ಖುಷಿಯಾಗಿ ತರುತ್ತೀರಿ, ಒಟ್ಟು ಎಷ್ಟು ವ್ಯಾಟ್ ಕೊಡುತ್ತದೆ ಅಂತ ಕೇಳುವುದಿಲ್ಲ. ಕತ್ತಲಾದ ಮೇಲೆ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡು ವಿದ್ಯುತ್ ಹೆಚ್ಚು ಬೇಕಾಗುತ್ತದೆ. ಸ್ವಿಚ್ಚಿಗೆ ಆಗದಿದ್ದರೆ ಒಂದೊಂದೇ ಕ್ಯಾಮೆರಾ ಆರಿಹೋಗುತ್ತದೆ, ಅದೂ ಕಳ್ಳರು ಬರುವ ಹೊತ್ತಿಗೆ. ಎಲ್ಲ ಕ್ಯಾಮೆರಾಗಳ ರಾತ್ರಿಯ ವ್ಯಾಟ್ ಕೂಡಿಸಿ, ಮೇಲೆ ಸ್ವಲ್ಪ ಇಟ್ಟುಕೊಂಡೇ ಕೊಳ್ಳಿ. ಕೇಬಲ್ಲು ಅಪ್ಪಟ ತಾಮ್ರದ್ದಿರಲಿ, ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ. ಒಂದೊಂದು ಎಳೆಯೂ 100 ಮೀಟರಿನೊಳಗೆ ಇರಲಿ.

ಯುಪಿಎಸ್ಸನ್ನು ಕಂಪ್ಯೂಟರಿಗೆ ಕೊಟ್ಟು ಸ್ವಿಚ್ಚನ್ನು ಮರೆಯುವವರು ಎಷ್ಟೋ ಮಂದಿ. ಕರೆಂಟು ಹೋದಾಗ ಕಂಪ್ಯೂಟರ್ ಎಚ್ಚರವಾಗಿರುತ್ತದೆ, ಕ್ಯಾಮೆರಾ ಮಲಗಿರುತ್ತದೆ. ಎರಡಕ್ಕೂ ಯುಪಿಎಸ್ ಕೊಡಿ. ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡನ್ನು ಅವತ್ತೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್‌ಗಳಿಗೆ ನುಗ್ಗಿದ್ದು ಹೀಗೆ ಬದಲಾಯಿಸದೆ ಬಿಟ್ಟ ಪಾಸ್‌ವರ್ಡುಗಳಿಂದಲೇ. ಕಂಪ್ಯೂಟರನ್ನು ವಾಚ್‌ಮನ್ ಮೇಜಿನ ಕೆಳಗಿಡದೆ ಗಾಳಿಯಾಡುವ, ಬೀಗವಿರುವ ಕೋಣೆಯಲ್ಲಿಡಿ. ಕಳ್ಳ ಅದನ್ನೇ ಹೊತ್ತುಕೊಂಡು ಹೋದರೆ ಕ್ಯಾಮೆರಾ ಇದ್ದೂ ಏನು ಬಂತು?

ಎಲ್ಲ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸಬೇಕು, ಇಲ್ಲದಿದ್ದರೆ ಪೊಲೀಸರಿಗೂ ಕೋರ್ಟಿಗೂ ಉತ್ತರ ಹೇಳುವುದು ಕಷ್ಟ. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದ ಹಾಗಾಗದಿರಲಿ: ತಿಂಗಳಿಗೊಮ್ಮೆ ಇಪ್ಪತ್ತೈದು ದಿನದ ಹಿಂದಿನ ರಾತ್ರಿಯ ದೃಶ್ಯ ತೆರೆದು ನೋಡಿ, ಅದನ್ನು ಪೆನ್‌ಡ್ರೈವಿಗೆ ಇಳಿಸುವುದನ್ನು ಮನೆಯಲ್ಲೋ ಆಫೀಸಿನಲ್ಲೋ ಇಬ್ಬರಿಗಾದರೂ ಕಲಿಸಿಡಿ.