ಬ್ರೂಡರಿನ ಮರಿಗಳಿಗೆ ಆಹಾರದ ಜೊತೆಗೆ ಕೆಲಸವೂ ಬೇಕು

ಹೇಂಟೆಯ ಹಿಂದೆ ತಿರುಗುವ ಮರಿ ದಿನವಿಡೀ ತಿಪ್ಪೆ ಕೆದರಿ, ಹುಳು ಹೆಕ್ಕಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಬ್ರೂಡರಿನ ಮರಿಗೆ ಆಹಾರ ತಟ್ಟೆಯಲ್ಲೇ ಸಿಗುತ್ತದೆ. ಆದರೆ ಕೆದರುವ, ಕುಕ್ಕುವ ಹುಟ್ಟುಗುಣ ಹೋಗುವುದಿಲ್ಲ. ಕೆದರಲು ಏನೂ ಇಲ್ಲದಿದ್ದರೆ ಅದು ಪಕ್ಕದ ಮರಿಯ ಬೆರಳನ್ನೋ ಬಾಲವನ್ನೋ ಕುಕ್ಕತೊಡಗುತ್ತದೆ. ಒಮ್ಮೆ ರಕ್ತ ಕಂಡರೆ ಉಳಿದವೂ ಅಲ್ಲಿಗೇ ಮುತ್ತುತ್ತವೆ. ಗಿರಿರಾಜದಂತಹ ತಳಿಯ ನೂರು ಮರಿ ತಂದು ಸಾಕುವ ರೈತರಿಗೆ ಹತ್ತು ಮರಿಗಳ ನಷ್ಟವೂ ದೊಡ್ಡದೇ. ಸ್ವಲ್ಪ ಎಚ್ಚರ ವಹಿಸಿದರೆ ಇದನ್ನು ತಪ್ಪಿಸಬಹುದು.

ಶಾಖ ಮತ್ತು ಜಾಗ

ಮೊದಲ ವಾರ ಬ್ರೂಡರಿನ ಅಡಿಯಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಬೇಕು. ಎಲ್‌ಇಡಿ ಬಲ್ಬಿನಿಂದ ಮರಿಗಳಿಗೆ ಸಾಕಷ್ಟು ಶಾಖ ಸಿಗುವುದಿಲ್ಲವಾದ್ದರಿಂದ ಹಳೆಯ ಮಾದರಿಯ ತಂತಿ ಬಲ್ಬನ್ನೇ ಬಳಸಬೇಕು. ಮರಿಗಳು ಬಲ್ಬಿನಡಿ ಒತ್ತೊತ್ತಾಗಿ ನಿಂತರೆ ಚಳಿಯಾಗಿದೆಯೆಂದೂ, ಬಾಯ್ದೆರೆದು ದೂರ ಸರಿದರೆ ಶಾಖ ಹೆಚ್ಚಾಗಿದೆಯೆಂದೂ ತಿಳಿಯಬೇಕು. ನೂರು ಮರಿಗಳಿಗೆ ಮೊದಲ ನಾಲ್ಕು ವಾರಗಳಲ್ಲಿ ಕನಿಷ್ಠ 50 ಚದರ ಅಡಿ ಜಾಗ ಒದಗಿಸಬೇಕು. ಇಕ್ಕಟ್ಟು, ಅತಿ ಶಾಖ, ಕಣ್ಣು ಕುಕ್ಕುವ ಬೆಳಕು, ಈ ಮೂರೂ ಕುಕ್ಕಾಟಕ್ಕೆ ಕಾರಣಗಳು.

ನೀರು ಮತ್ತು ಆಹಾರ

ಮರಿಗಳು ಬಂದ ಕೂಡಲೇ ಮೊದಲು ನೀರು ಕುಡಿಸಬೇಕು. ಕೆಲವು ಮರಿಗಳ ಕೊಕ್ಕನ್ನು ನೀರಿಗೆ ಅದ್ದಿ ತೋರಿಸಿದರೆ ಉಳಿದವು ನೋಡಿ ಕಲಿಯುತ್ತವೆ. ಭತ್ತದ ಹೊಟ್ಟನ್ನು ಎರಡು ಅಂಗುಲ ಹರಡಿ, ಮೇಲೆ ಕಾಗದ ಹಾಸಿ, ಮೆಕ್ಕೆಜೋಳದ ಸಣ್ಣ ನುಚ್ಚನ್ನು ಚೆಲ್ಲಬೇಕು. ಬೀಳುವ ನುಚ್ಚಿನ ಸದ್ದಿಗೇ ಮರಿಗಳು ಕುಕ್ಕಲು ಬರುತ್ತವೆ. ನುಣುಪು ಕಾಗದದ ಮೇಲೆ ಕಾಲು ಜಾರುವುದರಿಂದ ಮೂರು ನಾಲ್ಕು ದಿನಗಳಲ್ಲಿ ಕಾಗದ ತೆಗೆಯಬೇಕು.

ಮೊದಲ ದಿನ ರಾತ್ರಿ ಕೆಲವು ಮರಿಗಳ ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲವನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ತುಂಬಿ ಮೆತ್ತಗಿದ್ದರೆ ಮರಿ ತಿಂದಿದೆ, ನೀರೂ ಕುಡಿದಿದೆ. ಗಟ್ಟಿಯಾಗಿದ್ದರೆ ನೀರು ಸಾಲದು. ಎರಡನೆಯ ದಿನದಿಂದ ಶೇಕಡಾ 20ರಷ್ಟು ಸಸಾರಜನಕವುಳ್ಳ ಮರಿ ಆಹಾರ ಕೊಡಬೇಕು. ಆಹಾರದಲ್ಲಿ ಸಸಾರಜನಕ ಅಥವಾ ಉಪ್ಪು ಕಡಿಮೆಯಾದರೂ ಮರಿಗಳು ಗರಿ ಕುಕ್ಕುತ್ತವೆ.

ಕೆಲಸ ಕೊಡುವ ಬಗೆ

ಎರಡನೆಯ ವಾರ ಕಳೆದ ಮೇಲೆ ಕುದುರೆಮಸಾಲೆ ಅಥವಾ ದಂಟಿನ ಸೊಪ್ಪಿನ ಸಣ್ಣ ಕಟ್ಟನ್ನು ಮರಿಗಳ ತಲೆಗಿಂತ ತುಸು ಮೇಲೆ ತೂಗುಹಾಕಬೇಕು. ಅವು ಎಗರಿ ಎಗರಿ ಕಿತ್ತು ತಿನ್ನುತ್ತವೆ. ನೆಲಕ್ಕೆ ಹಾಕಿದ ಸೊಪ್ಪು ತುಳಿತಕ್ಕೆ ಸಿಕ್ಕಿ ಕೊಳೆಯುತ್ತದೆ. ಔಷಧಿ ಸಿಂಪಡಿಸಿದ ಸೊಪ್ಪು ಸಲ್ಲದು.

ಮೂರನೆಯ ವಾರದ ನಂತರ ದಿನಕ್ಕೊಮ್ಮೆ ನೂರು ಮರಿಗಳಿಗೆ ಎರಡು ಹಿಡಿ ರಾಗಿಯನ್ನು ಹೊಟ್ಟಿನ ಮೇಲೆ ಎರಚಬೇಕು. ಮರಿಗಳು ಕೆದರಿ ಹೆಕ್ಕುವಾಗ ಹೊಟ್ಟು ತಿರುವಿ ಹಾಕಿದಂತಾಗಿ ಒಣಗುತ್ತದೆ. ಹಸಿ ಹೊಟ್ಟಿನಿಂದ ಹರಡುವ ರಕ್ತಭೇದಿಯ ಭಯವೂ ಕಡಿಮೆಯಾಗುತ್ತದೆ. ರಾಗಿಯಲ್ಲಿ ಸಸಾರಜನಕ ಕಡಿಮೆ. ಆದ್ದರಿಂದ ಈ ಅಳತೆ ಮೀರಬಾರದು. ಮುಗ್ಗಿದ ಕಾಳನ್ನು ಎಂದೂ ಹಾಕಬಾರದು. ಸೊಪ್ಪು, ಕಾಳು ಅರಗಲು ತಟ್ಟೆಯೊಂದರಲ್ಲಿ ತೊಳೆದ ದಪ್ಪ ಮರಳು ಇಡಬೇಕು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಬಿದಿರಿನ ಅಡ್ಡೆ ಕಟ್ಟಿದರೆ ಮರಿಗಳು ಹತ್ತಿ ಇಳಿಯುತ್ತವೆ. ಬೆದರಿದ ಮರಿಗೆ ತಪ್ಪಿಸಿಕೊಳ್ಳಲೂ ಜಾಗವಾಗುತ್ತದೆ.

ಕುಕ್ಕಾಟ ಕಂಡರೆ

ಗಾಯಗೊಂಡ ಮರಿಯನ್ನು ಕೂಡಲೇ ಬೇರ್ಪಡಿಸಿ, ಗಾಯಕ್ಕೆ ಮದ್ದು ಹಚ್ಚಬೇಕು. ಬೆಳಕನ್ನು ಮಂದಗೊಳಿಸಬೇಕು. ಆಮೇಲೆ ಶಾಖ, ಜಾಗ, ನೀರು, ಆಹಾರ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಇವು ಸರಿಯಿಲ್ಲದೆ ಸೊಪ್ಪು ಕಟ್ಟಿದರೆ ಫಲವಿಲ್ಲ; ಇವು ಸರಿಯಿದ್ದಾಗ ಒಂದು ಕಟ್ಟು ಸೊಪ್ಪು, ಎರಡು ಹಿಡಿ ರಾಗಿಯ ಖರ್ಚು ಉಳಿಯುವ ಮರಿಗಳ ಬೆಲೆಗೆ ಏನೇನೂ ಅಲ್ಲ.